ಏಳು ಗಂಟೆಯೊಳಗೆ ಮನೆಗೆ: ಸಂಸಾರಸ್ಥರ ಬೆಳಗಿನ ಸೈಕಲ್ ಸವಾರಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ರಸ್ತೆಗಳಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವವರಲ್ಲಿ ಕ್ರೀಡಾಪಟುಗಳು ಕೆಲವರು ಮಾತ್ರ. ಉಳಿದವರೆಲ್ಲ ಶಾಲೆಗೆ ಹೋಗುವ ಮಕ್ಕಳಿರುವ, ಹತ್ತು ಗಂಟೆಗೆ ಕಚೇರಿಯಲ್ಲಿರಬೇಕಾದ, ಮನೆಯಲ್ಲಿ ವಯಸ್ಸಾದ ಹಿರಿಯರನ್ನೂ ನೋಡಿಕೊಳ್ಳುವ ಗಂಡಸರು, ಹೆಂಗಸರು. ಹೊಸದಾಗಿ ಶುರುಮಾಡುವವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳು ಮೈಸೂರಿನವು. ಹಾಸನ, ಧಾರವಾಡ, ಶಿವಮೊಗ್ಗದವರು ತಮ್ಮ ಊರಿನ ಏರು, ಕೆರೆದಂಡೆ, ಬೈಪಾಸ್ ರಸ್ತೆಗಳನ್ನು ನೆನೆದು ಓದಿಕೊಳ್ಳಬಹುದು.

ವಾರಕ್ಕೆ ಎಷ್ಟು ಹೊತ್ತು ತುಳಿದರೆ ದೇಹಕ್ಕೆ ಕಸುವು ಬರುತ್ತದೆ?

ಕೆಲಸದ ದಿನಗಳಲ್ಲಿ ಎರಡು ಸಲ ಒಂದೊಂದು ಗಂಟೆ, ಭಾನುವಾರ ಎರಡು ಗಂಟೆ. ಒಟ್ಟು ನಾಲ್ಕು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ಹೇಳುತ್ತದೆ. ನಾಲ್ಕು ಗಂಟೆಯೆಂದರೆ 240 ನಿಮಿಷ, ಅಷ್ಟು ಧಾರಾಳವಾಗಿ ಆಯಿತು. ಮೊದಲ ತಿಂಗಳು ಇದರ ಅರ್ಧಕ್ಕೆ ನಿಲ್ಲಿಸಿ. ಹೃದಯ, ಶ್ವಾಸಕೋಶಗಳು ಬೇಗ ಹೊಂದಿಕೊಳ್ಳುತ್ತವೆ. ಮಂಡಿಯ ಸ್ನಾಯುರಜ್ಜುಗಳಿಗೆ ಹೆಚ್ಚು ಕಾಲ ಬೇಕು.

ಒಂದೇ ದಿನ ನಾಲ್ಕು ಗಂಟೆ ತುಳಿದು ಮುಂದಿನ ಹತ್ತು ದಿನ ಸೈಕಲ್ ಮುಟ್ಟದವರನ್ನು ಬಹಳ ಮಂದಿ ನೋಡಿದ್ದೇನೆ. ಅವರು ಪ್ರತಿ ಸಲವೂ ಹೊಸದಾಗಿಯೇ ಆರಂಭಿಸುತ್ತಾರೆ. ವ್ಯಾಯಾಮ ನಿಂತ ಒಂದೆರಡು ವಾರಗಳಲ್ಲೇ ರಕ್ತದ ದ್ರವಾಂಶ ಇಳಿಯಲು ಶುರುವಾಗುತ್ತದೆ. ಆಗ ಅದೇ ಏರಿಗೆ ಎದೆಬಡಿತ ಹೆಚ್ಚುತ್ತದೆ. ಆದ್ದರಿಂದ ಒಂದು ವಾರ ಎರಡೇ ಸಲ, ಅದೂ ಅರ್ಧರ್ಧ ಗಂಟೆ ಸಿಕ್ಕಿದರೂ ಬಿಡಬೇಡಿ.

ಬೆಳಗಿನ ಜಾವವೇ ಆಗಬೇಕೆ? ಸಂಜೆ ಆಗದೇ?

ದೇಹದ ಮಟ್ಟಿಗೆ ನೋಡಿದರೆ ಸಂಜೆಯೇ ಒಳ್ಳೆಯದು. ಸಂಜೆ ಮೈ ಬೆಚ್ಚಗಿರುತ್ತದೆ, ಕಾಲು ಸಲೀಸಾಗಿ ಆಡುತ್ತದೆ. ಆದರೆ ಸಂಜೆ ಎಂಬುದು ಮಕ್ಕಳ ಹೋಂವರ್ಕ್, ತರಕಾರಿ ತರುವುದು, ಬಂದ ನೆಂಟರು, ಮುಗಿಯದ ಕಚೇರಿ ಕರೆಗಳ ಹೊತ್ತು. ಬೆಳಗ್ಗೆ ಐದು ಗಂಟೆಗೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಕಾರಣ ಇಷ್ಟೇ. ಬೆಳಗ್ಗೆ ಹೊರಡುವವರು ಮೊದಲ ಹದಿನೈದು ನಿಮಿಷ ಹಗುರ ಗೇರಿನಲ್ಲಿ ನಿಧಾನವಾಗಿ ತುಳಿಯಬೇಕು. ಮನೆಯ ಗೇಟಿನಿಂದಲೇ ಜೋರು ಹಿಡಿಯಬಾರದು.

ಮನೆಯವರನ್ನು ಒಪ್ಪಿಸುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಹೆಚ್ಚಾಗಿ ಗಂಡಸರು ಕೇಳುತ್ತಾರೆ.

ಮನೆಯವರಿಗೆ ಸೈಕಲ್ ಮೇಲೆ ಸಿಟ್ಟಿರುವುದಿಲ್ಲ. ಏಳು ಗಂಟೆಗೆ ಬರುತ್ತೇನೆಂದು ಹೋದವರು ಎಂಟೂಕಾಲಿಗೆ ಬಂದರೆ ನಡುವಿನ ಕೆಲಸವೆಲ್ಲ ಒಬ್ಬರ ತಲೆಯ ಮೇಲೆ ಬೀಳುತ್ತದೆ. ಮಗುವನ್ನು ಎಬ್ಬಿಸುವುದು, ಹಲ್ಲುಜ್ಜಿಸುವುದು, ಡಬ್ಬಿ ಕಟ್ಟುವುದು, ಸಾಕ್ಸ್ ಹುಡುಕುವುದು, ಶಾಲೆಯ ವ್ಯಾನ್ ಹಾರ್ನ್ ಹೊಡೆಯುವುದರೊಳಗೆ ಗೇಟಿನ ಬಳಿ ನಿಲ್ಲುವುದು, ಇಷ್ಟೂ ಆ ಒಂದೂಕಾಲು ಗಂಟೆಯಲ್ಲೇ ಆಗಬೇಕು. ಹಾಗಾಗಿ ಹೊರಡುವ ಹೊತ್ತನ್ನು ಗಡಿಯಾರ ನೋಡಿ ಪಾಲಿಸುವುದಕ್ಕಿಂತ ಮರಳುವ ಹೊತ್ತನ್ನು ಪಾಲಿಸಿ. ಐದಕ್ಕೆ ಏಳಲಾಗದೆ ಐದೂಮುಕ್ಕಾಲಿಗೆ ಹೊರಟಿರೋ, ಅರ್ಧ ದಾರಿಗೇ ತಿರುಗಿ ಏಳಕ್ಕೆ ಮನೆಯಲ್ಲಿರಿ. ಅಂದುಕೊಂಡಷ್ಟು ಕಿಲೋಮೀಟರ್ ಆಗಲಿಲ್ಲವೆಂದು ಸವಾರಿಯನ್ನು ಬೆಳೆಸಬೇಡಿ.

ಎರಡನೆಯದು ಹಿಂದಿನ ರಾತ್ರಿಯ ಕೆಲಸ. ಹುರುಳಿಕಾಯಿ ಹೆಚ್ಚಿಡುವುದು, ಸಮವಸ್ತ್ರ ಇಸ್ತ್ರಿ ಮಾಡಿಡುವುದು, ನೀರಿನ ಬಾಟಲಿ ತುಂಬಿಸುವುದು ಸೈಕಲ್ ಸವಾರಿಯ ಸಿದ್ಧತೆಗೇ ಸೇರಿದ್ದು. ಟೈರಿಗೆ ಗಾಳಿ ತುಂಬುವಷ್ಟೇ ಮುಖ್ಯ.

ಮೂರನೆಯದು ಸರದಿ. ನಮ್ಮ ಮನೆಯಲ್ಲಿ ಮಂಗಳವಾರ, ಗುರುವಾರದ ಬೆಳಗು ನನ್ನದು. ಬುಧವಾರ, ಶುಕ್ರವಾರದ್ದು ಯಜಮಾನರದು. ಭಾನುವಾರ ಒಂದು ವಾರ ಬಿಟ್ಟು ಒಂದು ವಾರ. ಅವರು ಸೈಕಲ್ ಮುಟ್ಟುವುದಿಲ್ಲ, ನಡೆಯಲು ಹೋಗುತ್ತಾರೆ. ನಿಮ್ಮ ಸಂಗಾತಿ ಆ ಹೊತ್ತಿನಲ್ಲಿ ಯೋಗ ಮಾಡಲಿ, ಸಂಗೀತ ಅಭ್ಯಾಸ ಮಾಡಲಿ, ಹೊದಿಕೆ ಎಳೆದುಕೊಂಡು ಮಲಗಲಿ, ಅದು ಅವರಿಗೆ ಸೇರಿದ್ದು. ನಿಮಗೆ ವಾರಕ್ಕೆ ನಾಲ್ಕು ಗಂಟೆ ಸಿಗುತ್ತಿದ್ದರೆ ಅವರಿಗೂ ನಾಲ್ಕು ಗಂಟೆ ಸಿಗಬೇಕು. ಇಷ್ಟಾದ ಮೇಲೆ ಒಪ್ಪಿಸುವ ಪ್ರಶ್ನೆಯೇ ಬರುವುದಿಲ್ಲ.

ಐದಕ್ಕೆ ಏಳುವುದು ಆಗುತ್ತಲೇ ಇಲ್ಲ.

ಹನ್ನೊಂದೂವರೆಗೆ ಮಲಗಿದರೆ ಯಾರಿಗೂ ಆಗುವುದಿಲ್ಲ, ಆಗಲೂಬಾರದು. ಏಳು ಗಂಟೆ ನಿದ್ದೆಗೆ ಕತ್ತರಿ ಹಾಕಿ ಗಳಿಸುವ ಕಸುವು ಉಳಿಯುವುದಿಲ್ಲ. ತುಳಿದ ದಣಿವನ್ನು ದೇಹ ಶಕ್ತಿಯಾಗಿ ಮಾರ್ಪಡಿಸಿಕೊಳ್ಳುವುದು ನಿದ್ದೆಯಲ್ಲೇ. ವಾರದಲ್ಲಿ ಆ ಎರಡು ರಾತ್ರಿಗಳಾದರೂ ಒಂಬತ್ತೂಮುಕ್ಕಾಲಿಗೆ ಮೊಬೈಲ್ ಬೇರೆ ಕೋಣೆಗೆ ಹೋಗಲಿ. ಬಟ್ಟೆ, ಹೆಲ್ಮೆಟ್, ಕೈಗವಸು, ದೀಪ ಎಲ್ಲವೂ ಬಾಗಿಲ ಬಳಿ ಒಂದೇ ಕಡೆ ಇರಲಿ. ಕತ್ತಲೆಯಲ್ಲಿ ಬೀರು ತೆರೆದು ತಡಕಾಡಿ ಮಗುವನ್ನು ಎಬ್ಬಿಸಿದರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತು.

ಮಗುವಿಗೆ ಆರು ತಿಂಗಳು. ರಾತ್ರಿ ಮೂರು ಸಲ ಏಳುತ್ತದೆ.

ಈಗ ಮಲಗಿ. ವಾರಕ್ಕೊಂದು ಭಾನುವಾರದ ಸವಾರಿ, ಅದೂ ಮನೆಯಲ್ಲಿ ಇನ್ನೊಬ್ಬ ಹಿರಿಯರಿದ್ದರೆ. ಬಾಣಂತನ ಮುಗಿಸಿದ ತಾಯಂದಿರು ವೈದ್ಯರ ಮಾತು ಕೇಳಿಯೇ ಸೀಟಿನ ಮೇಲೆ ಕೂರಬೇಕು. ಈ ಕಾಲ ಕಳೆಯುತ್ತದೆ, ಸೈಕಲ್ ಎಲ್ಲಿಗೂ ಹೋಗುವುದಿಲ್ಲ.

ಎಷ್ಟು ವೇಗವಾಗಿ ತುಳಿಯಬೇಕು?

ನೀವು ಅಂದುಕೊಂಡಿದ್ದಕ್ಕಿಂತ ನಿಧಾನವಾಗಿ. ಹೊಸಬರಲ್ಲಿ ಬಹುತೇಕರು ಪ್ರತಿದಿನವೂ ಏದುಸಿರು ಬರುವಷ್ಟು ಜೋರಾಗಿ ತುಳಿಯುತ್ತಾರೆ, ಆರು ವಾರಗಳಲ್ಲಿ ಬೇಸತ್ತು ಬಿಡುತ್ತಾರೆ.

ಪಕ್ಕದಲ್ಲಿ ಬರುವವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿರಬೇಕು, ಆದರೆ ಹಾಡು ಹೇಳಲು ಆಗಬಾರದು. ಆ ಹದದಲ್ಲಿ ದೀರ್ಘಕಾಲ ತುಳಿದಾಗ ಸ್ನಾಯುಗಳಲ್ಲಿ ನವಿರಾದ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ವೃದ್ಧಿಯಾಗುತ್ತವೆ, ದೇಹ ಕೊಬ್ಬನ್ನು ಇಂಧನವಾಗಿ ಬಳಸಲು ಕಲಿಯುತ್ತದೆ. ಕೈಗೆ ಎದೆಬಡಿತದ ಗಡಿಯಾರ ಕಟ್ಟುವವರಿಗೆ ಒಂದು ಲೆಕ್ಕ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. 40 ವರ್ಷದವರಿಗೆ 180 ಬರುತ್ತದೆ. ಇದು ಅಂದಾಜು ಗರಿಷ್ಠ ಬಡಿತ. ಇದರ ಶೇಕಡ 60ರಿಂದ 75ರೊಳಗೆ, ಅಂದರೆ 108ರಿಂದ 135ರ ನಡುವೆ ಇದ್ದರೆ ಹದ ಸರಿಯಿದೆ. ಒಬ್ಬರಿಂದ ಒಬ್ಬರಿಗೆ ಹತ್ತು ಬಡಿತಗಳ ವ್ಯತ್ಯಾಸ ಸಾಮಾನ್ಯ, ಹಾಗಾಗಿ ಗಡಿಯಾರಕ್ಕಿಂತ ನಿಮ್ಮ ಉಸಿರನ್ನು ನಂಬಿ.

ಎರಡು ತಿಂಗಳು ಹೀಗೆ ತುಳಿದ ಮೇಲೆ ವಾರದ ಒಂದು ದಿನವನ್ನು ಜೋರಿಗೆ ಇಡಿ. ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ನಾಲ್ಕು ನಿಮಿಷ ಒಂದೆರಡು ಪದಕ್ಕಿಂತ ಹೆಚ್ಚು ಆಡಲಾಗದಷ್ಟು ಜೋರಾಗಿ, ಆಮೇಲೆ ಮೂರು ನಿಮಿಷ ನಿಧಾನವಾಗಿ. ಹೀಗೆ ನಾಲ್ಕು ಸಲ. ಕೊನೆಗೆ ಹತ್ತು ನಿಮಿಷ ತಣಿಯುವಂತೆ ತುಳಿದು ಮನೆಗೆ. ಎಲ್ಲ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಸಮಯ ಕಡಿಮೆಯಿರುವವರಿಗೆ ಇಷ್ಟು ಫಲ ಕೊಡುವ ಅಭ್ಯಾಸ ಬೇರೊಂದನ್ನು ನಾನು ಕಂಡಿಲ್ಲ. ನಾಲ್ಕು ನಿಮಿಷ ಅಡ್ಡಿಯಿಲ್ಲದ ರಸ್ತೆ ಬೇಕು, ಆದ್ದರಿಂದ ಇದನ್ನು ಬೆಳಕು ಹರಿದ ಮೇಲೆ ಊರ ಹೊರಗಿನ ರಸ್ತೆಯಲ್ಲಿ ಮಾಡಿ. ಸಿಗ್ನಲ್‌ಗಳ ನಡುವೆ ಬೇಡ.

ಚಾಮುಂಡಿ ಬೆಟ್ಟಕ್ಕೆ ಯಾವಾಗ ಹತ್ತಬಹುದು?

ಒಂದು ಗಂಟೆ ಸಮತಟ್ಟಿನಲ್ಲಿ ಇಳಿಯದೆ ತುಳಿಯಲು ಬಂದ ಮೇಲೆ. ಬೆಟ್ಟದ ನೆತ್ತಿ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಮೊದಲ ಸಲವೇ ತುದಿ ಮುಟ್ಟಬೇಕೆಂದಿಲ್ಲ. ಊರು ಕೆಳಗೆ ಹರಡಿ ಕಾಣುವ ತಿರುವಿನವರೆಗೆ ಹೋಗಿ ಮರಳಿ, ಮುಂದಿನ ವಾರ ಇನ್ನೊಂದು ತಿರುವು.

ಏರು ಆರಂಭವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಚೈನಿನ ಮೇಲೆ ಭಾರ ಬಿದ್ದ ಮೇಲೆ ಗೇರ್ ಬದಲಿಸಿದರೆ ಅದು ಕರಕರ ಎಂದು ಸಿಕ್ಕಿಕೊಳ್ಳುತ್ತದೆ. ಸೀಟಿನ ಮೇಲೆ ಕುಳಿತೇ, ಹ್ಯಾಂಡಲನ್ನು ಸಡಿಲವಾಗಿ ಹಿಡಿದು, ಭುಜ ಇಳಿಬಿಟ್ಟು ತುಳಿಯಿರಿ. ಮೊದಲ ಐದು ನಿಮಿಷ "ಇಷ್ಟೇನಾ" ಅನ್ನಿಸಬೇಕು. ಆಗ ಕೊನೆಯ ಐದು ನಿಮಿಷಕ್ಕೆ ಕಾಲಿನಲ್ಲಿ ಏನಾದರೂ ಉಳಿದಿರುತ್ತದೆ.

ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಒತ್ತಿ ವೇಗ ತಗ್ಗಿಸಿ. ತಿರುವಿನ ಒಳಗೆ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ಉದುರಿದ ಹಸಿ ಎಲೆ, ರಸ್ತೆಗೆ ಹಾರುವ ಕೋತಿಗಳ ಬಗ್ಗೆ ಎಚ್ಚರವಿರಲಿ. ಆಷಾಢ ಶುಕ್ರವಾರಗಳಂದು ನಸುಕಿನಿಂದಲೇ ಭಕ್ತರ ಸಾಲು ಇರುತ್ತದೆ. ಅಂದು ಬೆಟ್ಟದ ಹಾದಿಯನ್ನು ಅವರಿಗೆ ಬಿಟ್ಟು ನೀವು ಬೇರೆ ದಾರಿ ಹಿಡಿಯಿರಿ.

ಖಾಲಿ ಹೊಟ್ಟೆಯಲ್ಲಿ ಹೋಗಬಹುದೇ?

ಒಂದು ಗಂಟೆಯ ನಿಧಾನ ಸವಾರಿಗೆ ಒಂದು ಲೋಟ ನೀರು ಸಾಕು. ರಾತ್ರಿಯ ಉಪವಾಸದಲ್ಲಿ ಯಕೃತ್ತಿನ ಸಕ್ಕರೆ ದಾಸ್ತಾನು ಇಳಿದಿದ್ದರೂ ಸ್ನಾಯುಗಳಲ್ಲಿರುವುದು ಹೆಚ್ಚೂಕಡಿಮೆ ಹಾಗೆಯೇ ಇರುತ್ತದೆ. ಜೋರು ಸವಾರಿಯ ದಿನ, ಬೆಟ್ಟದ ದಿನ ಹೊರಡುವ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು ತಿನ್ನಿ. ಒಂದೂವರೆ ಗಂಟೆ ಮೀರಿದ ಸವಾರಿಯಾದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಜೇಬಿನಲ್ಲಿ ಬಾಳೆಹಣ್ಣು, ಖರ್ಜೂರ, ಬೆಲ್ಲದ ಚಿಕ್ಕಿ ಇರಲಿ, ಹಸಿವಾಗುವ ಮೊದಲೇ ತಿನ್ನಿ. ನೀರಿಗೆ ಒಂದು ಚಿಟಿಕೆ ಉಪ್ಪು, ನಿಂಬೆರಸ, ಸಕ್ಕರೆ ಸೇರಿಸಿದರೆ ಅಂಗಡಿಯ ಬಣ್ಣದ ಪುಡಿಗಳು ಬೇಕಿಲ್ಲ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಮಾತ್ರ ಖಾಲಿ ಹೊಟ್ಟೆಯ ಸವಾರಿಯನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಭಾನುವಾರದ ತಿಂಡಿಯನ್ನು ಮನೆಯಲ್ಲೇ ಮಾಡಿ. ಗೆಳೆಯರೊಡನೆ ಹೋಟೆಲಿನಲ್ಲಿ ದೋಸೆ ತಿಂದು, ಕಾಫಿ ಕುಡಿದು ಹತ್ತು ಗಂಟೆಗೆ ಬರುವ ಸುಖ ನನಗೂ ಗೊತ್ತು. ಆದರೆ ವಾರವಿಡೀ ಓಡಾಡಿದ ಮನೆಯವರು ಒಟ್ಟಿಗೆ ಕೂತು ತಿನ್ನುವ ತಿಂಡಿ ಅದೊಂದೇ.

ತೂಕ ಇಳಿಯುತ್ತಿಲ್ಲ.

70 ಕಿಲೋ ತೂಕದವರು ಒಂದು ಗಂಟೆ ಮಧ್ಯಮ ವೇಗದಲ್ಲಿ ತುಳಿದರೆ 400ರಿಂದ 500 ಕಿಲೋಕ್ಯಾಲರಿ ವ್ಯಯವಾಗಬಹುದು. ಎರಡು ಮಸಾಲೆ ದೋಸೆಯಲ್ಲಿ ಅಷ್ಟೂ ಮರಳಿ ಬರುತ್ತದೆ. ತೂಕ ತಟ್ಟೆಯಲ್ಲಿ ಇಳಿಯಬೇಕು. ಇಡ್ಲಿಯ ಜೊತೆಗೆ ಮೊಟ್ಟೆ, ಮೊಳಕೆ ಕಾಳು, ಮೊಸರು ಸೇರಿಸಿ ಪ್ರೋಟೀನ್ ಹೆಚ್ಚಿಸಿಕೊಂಡರೆ ಹನ್ನೊಂದು ಗಂಟೆಯ ಬಿಸ್ಕತ್ತಿನ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಯಾವ ಸೈಕಲ್ ಕೊಳ್ಳಲಿ?

ಮನೆಯಲ್ಲಿ ಈಗಿರುವುದನ್ನೇ ಸರ್ವಿಸ್ ಮಾಡಿಸಿ ಮೂರು ತಿಂಗಳು ತುಳಿಯಿರಿ. ಆಮೇಲೆ ಕೊಳ್ಳುವುದಾದರೆ ರೋಡ್ ಸೈಕಲಿಗೂ ಮೌಂಟನ್ ಸೈಕಲಿಗೂ ನಡುವಿನದಾದ ಹೈಬ್ರಿಡ್ ಸೈಕಲ್ ನಮ್ಮ ರಸ್ತೆಗಳಿಗೆ ಹೊಂದುತ್ತದೆ. ಅಳತೆ ಸರಿಯಿಲ್ಲದ ದುಬಾರಿ ಸೈಕಲಿಗಿಂತ ಅಳತೆ ಸರಿಯಿರುವ ಸಾಧಾರಣ ಸೈಕಲ್ ಎಷ್ಟೋ ಮೇಲು. ಹೆಲ್ಮೆಟ್, ದೀಪ, ಗಾಳಿ ಪಂಪಿಗೆ ಹಣ ಉಳಿಸಿಕೊಂಡೇ ಬೆಲೆ ನೋಡಿ.

ಟ್ಯೂಬ್ ಬದಲಾಯಿಸಲು ಕಲಿಯದೆ ಊರ ಹೊರಗೆ ಹೋಗಬೇಡಿ. ಏಳು ಗಂಟೆಯ ಮಾತು ಉಳಿಯುವುದು ಈ ವಿದ್ಯೆಯಿಂದಲೇ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯಲ್ಲಿ ಬೆರಳನ್ನು ಮೆಲ್ಲಗೆ ಸುತ್ತ ಆಡಿಸಿ ಮುಳ್ಳು ಹುಡುಕಿ. ಜಾಲಿಮುಳ್ಳಿನ ಮುರಿದ ತುದಿ ರಬ್ಬರಿನೊಳಗೆ ಹುದುಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಅದನ್ನು ತೆಗೆಯದೆ ಹಾಕಿದ ಹೊಸ ಟ್ಯೂಬ್ ಒಂದು ಕಿಲೋಮೀಟರ್ ಕೂಡ ಬಾಳುವುದಿಲ್ಲ.

ಮಂಡಿ ನೋಯುತ್ತಿದೆ. ಬಿಡಬೇಕೇ?

ಮೊದಲು ಸೀಟಿನ ಎತ್ತರ ನೋಡಿ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ತೀರ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಮಂಡಿಯ ಮುಂದೆ ನೋವಿದ್ದರೆ ಹೆಚ್ಚಾಗಿ ಸೀಟು ತಗ್ಗಾಗಿರುತ್ತದೆ, ಹಿಂದೆ ನೋವಿದ್ದರೆ ಎತ್ತರವಾಗಿರುತ್ತದೆ. ಅರ್ಧ ಸೆಂಟಿಮೀಟರಿನಂತೆ ಬದಲಿಸಿ ನೋಡಿ. ಭಾರದ ಗೇರಿನಲ್ಲಿ ಒದ್ದಾಡುವುದನ್ನು ಬಿಟ್ಟು ನಿಮಿಷಕ್ಕೆ 80ರಿಂದ 90 ಸುತ್ತು ಬರುವ ಹಗುರ ಗೇರ್ ಹಿಡಿಯಿರಿ. ಊತವಿದ್ದರೆ, ಎರಡು ವಾರ ಕಳೆದರೂ ನೋವು ಹೋಗದಿದ್ದರೆ ವೈದ್ಯರಲ್ಲಿಗೆ ಹೋಗಿ.

ಕತ್ತಲೆ, ನಾಯಿಗಳು, ರಸ್ತೆ. ಭಯವಾಗುತ್ತದೆ.

ಭಯ ಸಹಜ, ಎಚ್ಚರವನ್ನೂ ಅದೇ ಕಲಿಸುತ್ತದೆ. ಜೂನ್ ಹೊತ್ತಿಗೆ ಮೈಸೂರಿನಲ್ಲಿ ಆರಕ್ಕೆಲ್ಲ ಸೂರ್ಯೋದಯ. ಜನವರಿ ಕೊನೆಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಅಂದರೆ ಚಳಿಗಾಲದಲ್ಲಿ ಇಡೀ ಸವಾರಿ ಕತ್ತಲೆಯಲ್ಲೇ. ಮುಂದೆ ರಸ್ತೆಯನ್ನು ಬೆಳಗುವ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಈ ಮೂರೂ ಬೇಕೇ ಬೇಕು. ಬಣ್ಣ ಬಳಿಯದ ರಸ್ತೆಯುಬ್ಬುಗಳು ಹಗಲಿನಲ್ಲಿ ಕಂಡಷ್ಟು ಕತ್ತಲೆಯಲ್ಲಿ ಕಾಣುವುದಿಲ್ಲ. ಹೊಸ ದಾರಿಯನ್ನು ಮೊದಲು ಹಗಲಿನಲ್ಲಿ ನೋಡಿಕೊಂಡು ಬನ್ನಿ.

ಶ್ರೀರಂಗಪಟ್ಟಣದ ಕಡೆ ಹೋಗುವವರು ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಇಳಿಯಬಾರದು. 2023ರ ಆಗಸ್ಟ್ 1ರಿಂದ ಅಲ್ಲಿ ದ್ವಿಚಕ್ರ ವಾಹನಗಳಿಗೂ ಮೋಟಾರಿಲ್ಲದ ವಾಹನಗಳಿಗೂ ನಿಷೇಧವಿದೆ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆ ಭಾಗದಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ನಿಂತಿರುತ್ತವೆ. ಸುಗ್ಗಿಯ ಕಾಲದಲ್ಲಿ ಹಳ್ಳಿಗಳ ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆ ನಡೆಯುತ್ತದೆ. ರಾಗಿಹುಲ್ಲಿನ ಮೇಲೆ ಟೈರ್ ಜಾರುತ್ತದೆ, ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು ಅದನ್ನು ಮುರಿದೇ ಹಾಕಬಹುದು. ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಬೆಳೆ ಹಾಸಿದ ರೈತರೊಡನೆ ಜಗಳ ಬೇಡ.

ನಾಯಿಗಳು ಓಡುವುದನ್ನು ಅಟ್ಟಿಸಿಕೊಂಡು ಬರುತ್ತವೆ. ಒಂದೇ ನಾಯಿಯಾದರೆ ವೇಗ ತಗ್ಗಿಸಿದರೆ ಸಾಕು. ಗುಂಪಾಗಿ ಬಂದರೆ ನಿಲ್ಲಿ, ಇಳಿಯಿರಿ, ಸೈಕಲನ್ನು ನಿಮಗೂ ಅವಕ್ಕೂ ನಡುವೆ ಇಟ್ಟುಕೊಂಡು, ಕಣ್ಣಿಗೆ ಕಣ್ಣಿಟ್ಟು ನೋಡದೆ, ನಿಧಾನವಾಗಿ ನಡೆಯಿರಿ. ಸಾಮಾನ್ಯವಾಗಿ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ ಅವುಗಳ ಆಸಕ್ತಿ ಮುಗಿಯುತ್ತದೆ. ಒದೆಯಲು ಕಾಲೆತ್ತಬೇಡಿ, ಬೀಳುತ್ತೀರಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಯಾವುದನ್ನೂ ಹಚ್ಚದೆ, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಆರಂಭಿಸಿ.

ಕಿವಿಗೆ ಇಯರ್‌ಫೋನ್ ಬೇಡ.

ಹೆಂಗಸರು ಒಬ್ಬರೇ ಹೋಗಬಹುದೇ?

ಹೋಗುತ್ತೇವೆ. ಆದರೆ ಆರಂಭದಲ್ಲಿ ಇಬ್ಬರು ಜೊತೆಯಾಗಿ ಹೋಗುವುದು ಮೇಲು. ಬಡಾವಣೆಯಲ್ಲಿ ಹುಡುಕಿದರೆ ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ. ಹಾಲಿನ ಬೂತು, ಪತ್ರಿಕೆ ಜೋಡಿಸುವ ಕಟ್ಟೆ, ಹೂವಿನ ಅಂಗಡಿಗಳಿರುವ ರಸ್ತೆಗಳು ಐದು ಗಂಟೆಗೂ ಎಚ್ಚರವಾಗಿರುತ್ತವೆ. ಕತ್ತಲಿರುವಾಗ ಅವುಗಳಲ್ಲೇ ಸುತ್ತಿ, ಬೆಳಕಾದ ಮೇಲೆ ಹೊರಗೆ ಹೋಗಿ. ಮೊಬೈಲಿನಲ್ಲಿ ನೀವಿರುವ ಜಾಗವನ್ನು ಮನೆಯವರಿಗೆ ಕಾಣುವಂತೆ ಇಡಿ. ದಿನವೂ ಒಂದೇ ಹೊತ್ತಿಗೆ ಒಂದೇ ದಾರಿ ಬೇಡ.

ಇನ್ನೊಂದು ಮಾತು. ಎಷ್ಟು ತುಳಿದರೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಸೋಮಾರಿತನವೆಂದು ನಮ್ಮನ್ನು ನಾವೇ ಬೈದುಕೊಳ್ಳುವ ಎಷ್ಟೋ ದಣಿವಿಗೆ ಕಾರಣ ಕಬ್ಬಿಣಾಂಶದ ಕೊರತೆ.

45 ದಾಟಿದೆ, ರಕ್ತದೊತ್ತಡದ ಮಾತ್ರೆ ನುಂಗುತ್ತೇನೆ.

ವೈದ್ಯರನ್ನು ಕಂಡು, ಅವರು ಹೇಳಿದ ಪರೀಕ್ಷೆ ಮಾಡಿಸಿಕೊಂಡು ಶುರುಮಾಡಿ. ಕೆಲವು ಮಾತ್ರೆಗಳು ಎದೆಬಡಿತವನ್ನೇ ತಗ್ಗಿಸುವುದರಿಂದ ಮೇಲೆ ಹೇಳಿದ ಬಡಿತದ ಲೆಕ್ಕ ನಿಮಗೆ ಹೊಂದದೆ ಇರಬಹುದು. ಮಾತಿನ ಹದವನ್ನೇ ನೋಡಿಕೊಳ್ಳಿ. ಎದೆ ಬಿಗಿಯುವುದು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಸಹಾಯಕ್ಕೆ ಕರೆಯಿರಿ. ಗ್ಯಾಸ್ಟ್ರಿಕ್ ಇರಬೇಕೆಂದು ಸುಮ್ಮನಾಗಬೇಡಿ.

ಮಳೆಗಾಲದಲ್ಲಿ?

ತುಂತುರಿನಲ್ಲಿ ಹೋಗಬಹುದು. ನೀರು ನಿಂತ ಗುಂಡಿಯ ಆಳ ಕಾಣದಷ್ಟು ಮಳೆಯಲ್ಲಿ ಬೇಡ. ಅಂದು ಮನೆಯ ಮಹಡಿ ಮೆಟ್ಟಿಲು ಹತ್ತಿಳಿಯುವುದು, ಬಸ್ಕಿ ಹೊಡೆಯುವುದು ಸಾಕು. ನೆನೆದು ಬಂದ ಸೈಕಲಿನ ಚೈನನ್ನು ಬಟ್ಟೆಯಿಂದ ಒರೆಸಿ ಅಂದೇ ಎಣ್ಣೆ ಬಿಡಿ, ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ.

ಸುಧಾರಿಸಿದ್ದೇನೆಂದು ತಿಳಿಯುವುದು ಹೇಗೆ?

ತಿಂಗಳಿಗೊಮ್ಮೆ ಒಂದೇ ಏರನ್ನು ಒಂದೇ ಹದದ ಉಸಿರಿನಲ್ಲಿ ಹತ್ತಿ ಸಮಯ ಬರೆದಿಡಿ. ಬೆಳಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ. ತಿಂಗಳುಗಳು ಕಳೆದಂತೆ ಅದು ಇಳಿಯುತ್ತಾ ಹೋಗುತ್ತದೆ. ಎಂದಾದರೂ ಎಂಟು ಹತ್ತು ಬಡಿತ ಹೆಚ್ಚಿದ್ದರೆ ನಿದ್ದೆ ಸಾಲದು ಅಥವಾ ಜ್ವರ ಬರುವುದಿದೆ ಎಂದು ತಿಳಿದು ಅಂದು ವಿಶ್ರಮಿಸಿ. ಆ್ಯಪ್‌ಗಳಲ್ಲಿ ಬೇರೆಯವರ ವೇಗದೊಡನೆ ಹೋಲಿಸಿಕೊಳ್ಳಬೇಡಿ. ಅವರ ಮನೆಯ ಬೆಳಗು ಹೇಗಿರುತ್ತದೋ ನಿಮಗೆ ಗೊತ್ತಿಲ್ಲ.

ವಾರಕ್ಕೆ ನಾಲ್ಕು ಗಂಟೆ ತುಳಿದು 200 ಕಿಲೋಮೀಟರಿನ ಬ್ರೆವೆ ಮುಗಿಸಬಹುದೇ?

ಮುಗಿಸಬಹುದು. ಬ್ರೆವೆಯೆಂದರೆ ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಕಾಲದೊಳಗೆ ತುಳಿದು ಮುಗಿಸುವ ದೀರ್ಘ ಸವಾರಿ, ಪಂದ್ಯವಲ್ಲ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷಗಳ ಕಾಲಾವಕಾಶವಿದೆ. ಗಂಟೆಗೆ 20 ಕಿಲೋಮೀಟರಿನಂತೆ ತುಳಿದರೆ ಹತ್ತು ಗಂಟೆ, ಉಳಿದ ಮೂರೂವರೆ ಗಂಟೆ ಊಟಕ್ಕೆ, ಪಂಕ್ಚರಿಗೆ, ನೆರಳಿಗೆ. ಆರು ತಿಂಗಳು ಬಿಡದೆ ತುಳಿದವರು, ಕೊನೆಯ ಎರಡು ತಿಂಗಳಲ್ಲಿ ಭಾನುವಾರದ ಸವಾರಿಯನ್ನು ಮೂರು, ನಾಲ್ಕು, ಐದು ಗಂಟೆಗೆ ಬೆಳೆಸಿ ಒಮ್ಮೆ 100 ಕಿಲೋಮೀಟರ್ ದಾಟಿದ್ದರೆ ಸಾಕು. ಆ ನಾಲ್ಕೈದು ದೀರ್ಘ ಭಾನುವಾರಗಳು ಯಾವುವು ಎಂದು ಮೊದಲೇ ಮನೆಯಲ್ಲಿ ಕೂತು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಕ್ಕಳ ಪರೀಕ್ಷೆಯ ಮಾರ್ಚ್ ತಿಂಗಳು, ಗೌರಿ ಹಬ್ಬ, ದಸರೆಯ ವಾರಗಳನ್ನು ಬಿಟ್ಟು ಆರಿಸಿ. ನವೆಂಬರಿನಿಂದ ಜನವರಿಯವರೆಗೆ ಬಿಸಿಲೂ ಕಡಿಮೆ, ಮನೆಯ ಕೆಲಸದ ಒತ್ತಡವೂ ಕಡಿಮೆ. ಬ್ರೆವೆಯ ಮರುದಿನ ರಜೆ ಹಾಕುವುದಾದರೆ ಅದನ್ನು ಮಲಗಲು ಬಳಸದೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರಲು ನೀವೇ ಹೋಗಿ, ಹಿಂದಿನ ದಿನ ಇಡೀ ಮನೆಯನ್ನು ಒಬ್ಬರೇ ನೋಡಿಕೊಂಡವರು ಅಂದು ಮಲಗಲಿ.